ಪುಟ್ಟತಾಯಮ್ಮನವರ ಬೇಳೆ ಚೀಟಿ

ಮನುಷ್ಯನಿಗೆ ಒಂದಾದರೂ ಹುಚ್ಚಿರಬೇಕು. ಇಲ್ಲದಿದ್ದರೆ ಮನೆಯವರಿಗೆ ಬೈಯಲು ವಿಷಯವೇ ಸಿಗುವುದಿಲ್ಲ. ನನ್ನದು ಕಾಗದದ ಹುಚ್ಚು. ಅದೂ ಎಲ್ಲರ ಕಾಗದವಲ್ಲ, ಕಪ್ಪು ಬಿಳುಪಿನ ಕಾಲದ ಚಿತ್ರತಾರೆ ಚಂಪಾಮಾಲಿನಿಯವರದು ಮಾತ್ರ. ಫೋಟೋ ನನಗೆ ಬೇಡ. ಅದು ಅರಸೀಕೆರೆಯ ಎಲ್ಲ ಕಟಿಂಗ್ ಶಾಪಿನಲ್ಲೂ ತೂಗುತ್ತಿತ್ತು. ನನಗೆ ಬೇಕಾದದ್ದು ಆಕೆಯ ಹಾಲಿನ ಕಾರ್ಡು, ಡಾಕ್ಟರ ಚೀಟಿ, ರೇಷನ್ ಕಾರ್ಡು. ಇಡೀ ಸಿನಿಮಾ ಟೆಂಟನ್ನೇ ಅಳಿಸುತ್ತಿದ್ದ ಹೆಂಗಸು ಮನೆಗೆ ಎಷ್ಟು ಸೀಮೆಎಣ್ಣೆ ತರಿಸುತ್ತಿದ್ದರು ಎಂದು ತಿಳಿದರೆ ಜನ್ಮ ಸಾರ್ಥಕ ಎಂದುಕೊಂಡಿದ್ದೆ. ಹತ್ತು ವರ್ಷ ಹುಡುಕಿ ಸಿಕ್ಕಿದ್ದು ಬೇಲೂರಿನ ಲಾಡ್ಜೊಂದರ ರಸೀದಿ: ‘ಚಂಪಾಮಾಲಿನಿ, ಬಿಸಿನೀರು ಎರಡು ಬಕೆಟ್.’ ಅದರಲ್ಲೂ ಅಕ್ಷರ ಮ್ಯಾನೇಜರದು. ಆಕೆಯ ಕೈಬರಹದ ಒಂದೇ ಒಂದು ತುಂಡಿಗಾಗಿ ಒದ್ದಾಡುತ್ತಿದ್ದೆ. “ಬಿಸಿನೀರಿನ ಚೀಟಿಗೆ ಪ್ಲಾಸ್ಟಿಕ್ ಕವರು, ನನ್ನ ಮಾರ್ಕ್ಸ್ ಕಾರ್ಡಿಗೆ ಇಲಿ!” ಎನ್ನುತ್ತಿದ್ದಳು ಹೆಂಡತಿ ಸರೋಜ.

ತೊಂಬತ್ತೇಳರಲ್ಲಿರಬೇಕು, ಬಾಣಾವರದ ಹಳೇಪೇಪರ್ ಅಂಗಡಿಯ ರಂಗಪ್ಪ ಒಂದು ಕಟ್ಟು ಕೊಟ್ಟ. “ಬೇಲೂರಿಂದ ಬಂದೈತೆ ಸಾ. ನಿಮ್ ಸಿನಿಮಾದೋರ ಮನೇಲಿ ಅಡುಗೆಗಿದ್ರಲ್ಲ ಭಟ್ರು, ಅವರ ಅಟ್ಟದ್ದು” ಎಂದ. ಬಸ್ಸಿನಲ್ಲೇ ಬಿಚ್ಚಿದೆ. ರೇಷನ್ ಕಾರ್ಡು: ಬಿ. ಪುಟ್ಟತಾಯಮ್ಮ. ಹಾಲಿನ ಕಾರ್ಡು: ಬಿ. ಪುಟ್ಟತಾಯಮ್ಮ. ಕಡೆಗೆ ದಿನಸಿ ಚೀಟಿಯ ಕೆಳಗೂ ಅದೇ ಪುಟ್ಟತಾಯಮ್ಮ! ಹೆಸರಿಗಿಂತ ಮುಂದೆ ಓದಲೇ ಇಲ್ಲ. ರಂಗಪ್ಪ ಟೋಪಿ ಹಾಕಿದನೆಂದು ಮೈಯೆಲ್ಲ ಉರಿಯಿತು. ಮನೆಗೆ ಬಂದವನೇ ಕಟ್ಟನ್ನು ಬಚ್ಚಲ ಒಲೆಯ ಪಕ್ಕ ಎಸೆದು, “ನೀರು ಕಾಯಿಸೋಕಾಗುತ್ತೆ, ತಗೋ” ಎಂದೆ. ಸರೋಜಳಿಗೆ ನನ್ನ ಹವ್ಯಾಸದ ಮೇಲೆ ಮೊದಲ ಸಲ ಗೌರವ ಬಂತು.

ಎರಡು ತಿಂಗಳ ಮೇಲೆ ಹಳೇಬೀಡಿಗೆ ಹೊರಟೆ. ಅಲ್ಲಿ ಶೂಟಿಂಗ್ ನಡೆದಾಗ ಚಂಪಾಮಾಲಿನಿಯವರ ಬಟ್ಟೆ ಒಗೆದ ಸಣ್ಣಪ್ಪನೆಂಬ ಮುದುಕ ಇನ್ನೂ ಗಟ್ಟಿಯಾಗಿದ್ದಾನೆಂದು ಸುದ್ದಿ ಸಿಕ್ಕಿತ್ತು. ಹೊರಡುವಾಗ ಸರೋಜ ದಿನಸಿ ಚೀಟಿಯೊಂದನ್ನು ಜೇಬಿಗೆ ತುರುಕಿ, “ಬರ್ತಾ ಇದಿಷ್ಟು ತನ್ನಿ, ನಾಳೆ ನಮ್ಮಣ್ಣ ಊಟಕ್ಕೆ ಬರ್ತಾನೆ” ಎಂದಳು.

ಸಣ್ಣಪ್ಪ ಜಗುಲಿಯ ಮೇಲೆ ಎಲೆಅಡಿಕೆ ಹಾಕುತ್ತಿದ್ದ. ಚಂಪಾಮಾಲಿನಿ ಎಂದೆ. “ಯಾರ್ ಸಾ ಅದು?” ಎಂದ. ಸಿನಿಮಾ ನಟಿ ಎಂದು ವಿವರಿಸಿದೆ.

“ಓ, ಪುಟ್ತಾಯಮ್ಮೋರಾ! ಆ ಹೆಸರು ಸಿನಿಮಾದೋರು ಇಟ್ಟಿದ್ದು ಕಣ್ ಸಾ. ರೇಷನ್ ಕಾರ್ಡ್ನಾಗೆ ಚಂಪಾಮಾಲಿನಿ ಅಂತಿದ್ರೆ ಸೊಸೈಟಿಯೋರು ಸಕ್ರೆ ಕೊಡ್ತಾರಾ?”

ಅಯ್ಯೋ ನನ್ನ ಬುದ್ಧಿಗಿಷ್ಟು! ಗುಡಿಯ ಕಡೆ ತಿರುಗಿಯೂ ನೋಡದೆ ಬಸ್ಸಿಗೆ ಓಡಿದೆ. ಕಲ್ಲಿನ ಆನೆಗಳು ಎಲ್ಲೂ ಹೋಗುವುದಿಲ್ಲ. ಬಚ್ಚಲ ಒಲೆ ಕಾಯುವುದಿಲ್ಲ. ಬಸ್ಸೋ, ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತಿತ್ತು. “ಬೇಗ ಬಿಡಿ ಕಣ್ರೀ, ಮನೇಲಿ ಒಲೆ ಉರೀತಿದೆ!” ಎಂದು ಕಂಡಕ್ಟರಿಗೆ ಅಂಗಲಾಚಿದೆ. “ಗ್ಯಾಸ್ ಆಫ್ ಮಾಡದೆ ಬಂದವ್ರಂತೆ, ಪಾಪ” ಎಂದು ಇಡೀ ಬಸ್ಸು ಮರುಗಿತು.

“ಪುಟ್ಟತಾಯಮ್ಮ ಎಲ್ಲಿ?” ಹೊಸಿಲಲ್ಲೇ ಕೂಗಿದೆ.

“ಯಾರ್ರೀ ಅವಳು?” ಸರೋಜ ಸೌಟು ಹಿಡಿದೇ ಬಂದಳು. ಕಟ್ಟಿನ ವಿಷಯ ಹೇಳಿದೆ. “ನೀವೇ ತಾನೇ ಸುಡು ಅಂದಿದ್ದು? ಚೆನ್ನಾಗಿ ಉರೀತು.”

ನಾನು ಅಲ್ಲೇ ಕುಸಿದು ಕೂತೆ. ಅಳು ಬಂದಿತ್ತು, ಸುಳ್ಳೇಕೆ ಹೇಳಲಿ. ನನ್ನ ಮುಖ ನೋಡಲಾರದೆ ಅವಳು ಒಳಗೆ ಹೋಗಿ ಉಪ್ಪಿನಕಾಯಿ ಜಾಡಿ ಎತ್ತಿದಳು. “ಒಂದು ಗಟ್ಟಿ ಕಾಗದ ಇತ್ತು, ಎಣ್ಣೆ ಇಳೀದಿರಲಿ ಅಂತ ಇದರ ಕೆಳಗೆ ಹಾಕಿದ್ದೆ. ಇದಾ?”

ದಿನಸಿ ಚೀಟಿ! ಸುತ್ತ ಎಣ್ಣೆಯ ಕಲೆ, ನಡುವೆ ಗುಂಡಗಿನ ಅಕ್ಷರ. ಆಕೆಯ ಕೈಬರಹವೇ! ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ಸರೋಜ ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಿದಳು: “ಭಟ್ಟರೇ, ತೊಗರಿಬೇಳೆ ಹುಳ ಇಲ್ಲದ್ದು ನೋಡಿ ತನ್ನಿ. ಸಾಸಿವೆ ಒಂದು ಪಾವು. ಈ ಚೀಟಿ ನಮ್ಮ ಯಜಮಾನರ ಕೈಗೆ ಕೊಡಬೇಡಿ, ಕಳೆದುಬಿಡುತ್ತಾರೆ. ಬಿ. ಪುಟ್ಟತಾಯಮ್ಮ.”

ಹೊಟ್ಟೆ ಹಿಡಿದುಕೊಂಡು ನಕ್ಕಳು. “ಪಾಪ ಕಣ್ರೀ, ಇವರೂ ನಮ್ಮ ಹಾಗೇ” ಎಂದಳು. ನನ್ನ ಕಾಗದವೊಂದನ್ನು ಅವಳು ಮೆಚ್ಚಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಆಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು: “ಅದಿರಲಿ, ಸಾಮಾನೆಲ್ಲಿ? ಬೆಳಿಗ್ಗೆ ನಾನು ಕೊಟ್ಟ ಚೀಟಿ ಎಲ್ಲಿ?”

ಷರಟಿನ ಜೇಬು, ಪ್ಯಾಂಟಿನ ಜೇಬು, ಕೈಚೀಲ, ಎಲ್ಲ ತಡಕಿದೆ. ಮೂವತ್ತು ವರ್ಷದ ಹಿಂದಿನ ಬೇಳೆ ಚೀಟಿ ಹುಡುಕಿ ತೆಗೆದ ಈ ಮಹಾಶಯನಿಗೆ, ಅವತ್ತು ಬೆಳಿಗ್ಗೆ ಹೆಂಡತಿ ಬರೆದುಕೊಟ್ಟ ಬೇಳೆ ಚೀಟಿ ಸಿಗಲೇ ಇಲ್ಲ.