ಹಿಂದಕ್ಕೆ ನಡೆದ ನನ್ನ ಪಿಎಚ್.ಡಿ

ಗುಂಡ್ಲುಪೇಟೆಯ ಮನೆ, ಚಾಮರಾಜನಗರದ ಕಾಲೇಜಿನಲ್ಲಿ ಪಾಠ, ನಡುವೆ ಬಸ್ಸು. ಇದರ ಮಧ್ಯೆ ಪಿಎಚ್.ಡಿ ಮಾಡುತ್ತೇನೆಂದು ಹೊರಟವಳಿಗೆ ನಗೆಪಾಟಲಿಗೆ ಕೊರತೆಯೇ?

ನನ್ನ ವಿಷಯ ಇಷ್ಟೇ: ಕಂಪ್ಯೂಟರಿನಲ್ಲಿ ಹಲವು ಕೆಲಸ ಒಟ್ಟೊಟ್ಟಿಗೆ ನಡೆಯುತ್ತಿರುವಾಗ, ಆಗಿಹೋದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ತರುವುದು ಹೇಗೆ? ಪ್ರಗತಿ ನೋಡುವ ವಿಶ್ವವಿದ್ಯಾಲಯದ ಸಮಿತಿಯವರು ಎರಡು ಸಲ "ಸಾಲದು" ಎಂದಿದ್ದರು. ಮೂರನೇ ಸಲವೂ ಹಾಗೇ ಆದರೆ ನೋಂದಣಿ ರದ್ದು, ಐದು ವರ್ಷದ ಓದು ನೀರುಪಾಲು. ನನಗೆ ಊಟ ಸೇರುತ್ತಿರಲಿಲ್ಲ.

ಸಾರು

ನಾನು ಓದುವುದೇನೆಂದು ಅತ್ತೆ ಒಂದು ದಿನ ಕೇಳಿದರು. ಹೇಳಿದೆ.

"ಮಾಡಿದ್ದ ವಾಪಸ್ ಮಾಡೋದಾ? ಸರಿ ಕಣಮ್ಮಿ, ಈ ಸಾರ್‍ಗೆ ಉಪ್ಪು ಜಾಸ್ತಿ ಬಿದ್ಬುಟ್ಟದೆ, ತೆಗಿ ನೋಡನ."

"ಹಾಗಲ್ಲ ಅತ್ತೆ. ಯಾರು ಯಾವಾಗ ಏನು ಮಾಡಿದ್ರು ಅಂತ ಒಂದೊಂದೂ ನೆನಪಿಟ್ಟಿರಬೇಕು."

"ನೆನಪದೆ ಬುಡು. ನಾನು ಆಕ್ದೆ. ನಂಗೆ ಒಂದ್ ಮಾತೂ ಯೋಳ್ದಂಗೆ ನೀನೂ ಆಕ್ದೆ."

ಒಟ್ಟೊಟ್ಟಿಗೆ ನಡೆಯುವ ಕೆಲಸಗಳ ತೊಂದರೆಯನ್ನು ನನ್ನ ಮಾರ್ಗದರ್ಶಕರು ಒಂದು ವರ್ಷ ವಿವರಿಸಿದ್ದರು. ಅತ್ತೆಗೆ ಒಂದು ಪಾತ್ರೆ ಸಾರು ಸಾಕಾಯಿತು.

ಲಾರಿ

ಮಂಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಕಲ್ಲಿಕೋಟೆ ಲಾರಿಗೆ ಈರುಳ್ಳಿ ತುಂಬುತ್ತಿದ್ದರು; ಇಬ್ಬರು ಮುಂದುಗಡೆ, ಇಬ್ಬರು ಹಿಂದುಗಡೆ. ಅಷ್ಟರಲ್ಲಿ ಮೇಸ್ತ್ರಿ ಕೂಗಿದ, "ಮುಂದುಗಡೆ ತಳದಲ್ಲಿ ಬ್ಯಾರೆ ಲಾರಿ ಮೂಟೆ ಸೇರ್ಕಂಡದೆ, ತೆಗೀರ್ಲಾ!"

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಕೊನೆಗೆ ಹಾಕಿದ್ದು ಹಿಂದುಗಡೆ ಮೂಟೆ. ಮೊದಲು ಅದನ್ನ ಇಳಿಸಿ" ಎಂದೆ.

ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. "ಅಕ್ಕಾ, ಅದರ ಮ್ಯಾಲಿರೋದ ಇಳಿಸಿದ್ರೆ ಆಯ್ತು. ಹಿಂದಿನ ಮೂಟೆ ಇದರ ಮ್ಯಾಲೆ ಕುಂತದಾ? ಅದ್ಯಾಕ್ ಇಳಿಸ್ಬೇಕು?"

ಅಯ್ಯೋ ದೇವರೇ! ನನ್ನ ಪ್ರಬಂಧದ ತಪ್ಪೇ ಅದು. ಗಡಿಯಾರ ನೋಡಿ ಎಲ್ಲವನ್ನೂ ತಿರುಗುಮುರುಗಾಗಿ ಬಿಚ್ಚುತ್ತಾ ಕೂತಿದ್ದೆ. ಒಂದಕ್ಕೊಂದು ಸಂಬಂಧವಿಲ್ಲದ್ದನ್ನು ಮುಟ್ಟಬೇಕಾಗಿಯೇ ಇರಲಿಲ್ಲ! ಖುಷಿಗೆ ಅಲ್ಲೇ ಪುಸ್ತಕ ತೆಗೆದು ಬರೆಯತೊಡಗಿದೆ. ಬಸ್ಸು ಬಂದು ಹೋಯಿತು.

"ಪಾಪ, ಮೂಟೆ ಇಳಿಸೋದ ಬರ್ಕತಾ ಅವ್ರೆ" ಎಂದ ಮೇಸ್ತ್ರಿ.

ಬೀರು

ಮೂರನೇ ಸಲ ಸಮಿತಿ ನಮ್ಮ ಕಾಲೇಜಿಗೇ ಬಂತು. ಅದರ ಹಿರಿಯ ಪ್ರೊಫೆಸರ್ ಬಲು ಖಡಕ್ಕು. ಬಿಸಿಲಿಗೆ ಬಳಲಿ, ಬಂದವರೇ ಮೂರು ಎಳನೀರು ಕುಡಿದರು. ಮಾಳಿಗೆಯ ಕೋಣೆಯಲ್ಲಿ ಪ್ರೊಜೆಕ್ಟರಿನ ಹಾಳೆ ಇಟ್ಟು ಶುರು ಮಾಡಿದೆ.

"ಇಬ್ಬರು ಸೇರಿ ಮಾಡಿದ್ದನ್ನ ಒಬ್ಬನೇ ಯಾಕೆ ಹಿಂದಕ್ಕೆ ತರಬಾರದು?" ಎಂದರು ಪ್ರೊಫೆಸರ್.

ಹಾಗೆ ಆಗದು ಎಂದು ಐದು ಹಾಳೆಯಲ್ಲಿ ಸಾಧಿಸಿ ತೋರಿಸಿದೆ. ಅವರು ಒಪ್ಪದೆ ತಲೆ ಅಲ್ಲಾಡಿಸಿದರು. ಮುಗೀತು ನನ್ನ ಕಥೆ ಅಂದುಕೊಂಡೆ.

ಆಗಲೇ ಕೋಣೆಗಿದ್ದ ಒಂದೇ ಬಾಗಿಲಲ್ಲಿ ಧಡ್ ಎಂದು ಸದ್ದು. ಇಬ್ಬರು ಅಟೆಂಡರುಗಳು ಅದೇ ಕೋಣೆಗೆ ಕಬ್ಬಿಣದ ಬೀರು ತರುತ್ತಿದ್ದರು. ಒಬ್ಬ ಒಳಗೆ, ಒಬ್ಬ ಹೊರಗೆ, ಬೀರು ಬಾಗಿಲಿಗೆ ಗೂಟ ಹೊಡೆದ ಹಾಗೆ ನಿಂತಿತ್ತು.

"ಎಳ್ಕಳ್ಲಾ!"

"ನೀ ತಳ್ಬ್ಯಾಡ ಕಣ್ಲಾ!"

ಒಬ್ಬೊಬ್ಬರೇ ಕೈ ಹಾಕಿದಷ್ಟೂ ಅದು ಬಿಗಿಯಾಯಿತು. ಪ್ರೊಫೆಸರ್ ಎದ್ದು ನಿಂತರು. ಕೂತರು. ಮತ್ತೆ ಎದ್ದರು. "ಅಮ್ಮಾ, ನಾನು ತುರ್ತಾಗಿ ಹೊರಗೆ ಹೋಗಬೇಕು" ಎಂದು ಬೆವರು ಒರೆಸಿಕೊಂಡರು. ಎಳನೀರು ಕೆಲಸ ಶುರು ಮಾಡಿತ್ತು.

ನನಗೆ ರೇಗಿತು. "ನಿಲ್ಸಿ ಇಬ್ಬರೂ! ಕೊನೆಗೆ ಏನ್ ಮಾಡಿದ್ರಿ?"

"ತಿರುಗಿಸಿದ್ವಿ ಮೇಡಮ್."

"ಅದಕ್ಕೆ ಮುಂಚೆ?"

"ವಾಲಿಸಿದ್ವಿ."

"ಹಾಗಾದ್ರೆ ಮೊದಲು ಇಬ್ಬರೂ ಒಟ್ಟಿಗೆ ವಾಪಸ್ ತಿರುಗಿಸಿ. ಆಮೇಲೆ ಒಟ್ಟಿಗೆ ನೆಟ್ಟಗೆ ಮಾಡಿ. ಒಬ್ಬನೇ ಅಲ್ಲಾಡಿಸಿದ್ರೆ ನೋಡಿ ಮತ್ತೆ!"

ಬೀರು ಬೆಣ್ಣೆಯ ಹಾಗೆ ಜಾರಿ ಹೊರಗೆ ಹೋಯಿತು. ಅದರ ಹಿಂದೆಯೇ ಪ್ರೊಫೆಸರ್ ಓಟ.

ಐದು ನಿಮಿಷದ ಮೇಲೆ ಪ್ರಸನ್ನವದನರಾಗಿ ಬಂದು ಕೂತರು. ವರದಿಯಲ್ಲಿ "ತೃಪ್ತಿಕರ" ಎಂದು ಬರೆದು ಸಹಿ ಹಾಕಿಯೇಬಿಟ್ಟರು. ಅಬ್ಬಾ, ಹೋದ ಜೀವ ಬಂತು! ಆದರೂ ತಡೆಯಲಾರದೆ, "ಸಾರ್, ಇನ್ನೂ ಎರಡು ಪ್ರಮೇಯ ಇದೆ" ಎಂದೆ.

"ಬೇಡಮ್ಮ" ಎಂದರು. "ನಿಮ್ಮ ಸಿದ್ಧಾಂತದ ಮಹತ್ವ ನನಗೆ ಮನವರಿಕೆ ಆದಷ್ಟು ಪ್ರಪಂಚದಲ್ಲಿ ಇನ್ಯಾರಿಗೂ ಆಗಿರಲ್ಲ."