ಕಲ್ಲೆತ್ತಿದ ಹೊಟ್ಟಿಗೆ ಮಂಪರು ಯಾಕ್ರಿ?

ಸುಳ್ಳು ಅನ್ನೋರು ಈಗಲೇ ಎದ್ದು ಹೋಗ್ರಿ. ಇಲ್ಲಾ ಹುನ್ನೂರಿಗೆ ಬಂದು ಕೇಳ್ರಿ: ಎಂಥ ಸಂಗ್ರಾಣಿ ಕಲ್ಲನ್ನಾದರೂ ಒಂದೇ ದಮ್ಮಿಗೆ ಹೆಗಲಿಗೇರಿಸುವವ ನಾನು. ಇಂಥ ಫಜೀತಿಗಳು ನನ್ನಂಥ ಗಂಡಸಿಗೇ ಗಂಟು ಬೀಳುತ್ತವೆ. ಈ ಸಲ ಕಲ್ಲಿಗೇನೂ ಆಗಲಿಲ್ಲ, ನನ್ನ ಕರುಳು ಹೊರಗೆ ಇಣುಕಿತು.

೧. ಪಂಥ

ಜಮಖಂಡಿಯ ಡಾಕ್ಟರು, "ಹರ್ನಿಯಾ. ಆಪರೇಶನ್ ಮಾಡಬೇಕು" ಅಂದರು.

"ಮಾಡ್ರಿ ಸರ್. ಮಂಪರಿನ ಇಂಜೆಕ್ಷನ್ ಮಾತ್ರ ಬ್ಯಾಡ. ನಾ ಕಣ್ಣ ತಗದು ನೋಡಾಂವ."

ಜೊತೆಗೆ ಬಂದಿದ್ದ ದೋಸ್ತನಿಗೆ ಅಲ್ಲೇ ಪಂಥ ಹಾಕಿದೆ: "ಆಮ್ಯಾಲೆ ನೋವಿನ ಔಷಧ ಕೇಳಿದ್ರ, ಕಲ್ಲೆತ್ತಿ ಗೆದ್ದ ಬೆಳ್ಳಿ ಕಡಗ ನಿನಗಲೇ!" ಕಡಗ ಬಿಚ್ಚಿ ಅವ್ವನ ಕೈಗೆ ಕೊಟ್ಟೆ.

ಡಾಕ್ಟರು ಶಾಂತವಾಗಿ, "ಆಪರೇಶನ್ ಆ ಕಲ್ಲಿಗೆ ಇದ್ದಿದ್ರ ಮಂಪರು ಬ್ಯಾಡಾಗಿತ್ತಪಾ" ಅಂದರು.

೨. ನಾ ಎಚ್ಚರಿದ್ದೆ

ಬೆನ್ನಿಗೆ ಸೂಜಿ ಚುಚ್ಚಿದರು. ಕಾಲುಗಳು ಯಾರವೋ ಆಗಿಬಿಟ್ಟವು. ಸಲಾಯಿನ್ ನಳಿಗೆಗೂ ಏನೋ ಬಿಟ್ಟರು. ನಿದ್ದೆ? ಛೇ! ಕಣ್ಣು ಪಿಳುಕಿಸಿದೆ, ಅಷ್ಟೇ.

"ಹೂಂ, ಶುರು ಮಾಡ್ರಿ! ನಾ ತಯಾರದೇನಿ" ಅಂದೆ.

ಅವ್ವ ಮುಖದ ಮೇಲೆ ಬಾಗಿದಳು. "ಏನ್ ಶುರು ಮಾಡೂದೋ? ಹೊಲಿಗಿ ಹಾಕಿ ವಾರ್ಡಿಗೆ ತಂದು ಆಗಲೇ ಎಷ್ಟೋ ಹೊತ್ತಾತು. ನಿನ್ನ ಗೊರಕಿಗೆ ಬಾಜೂದಾಂವ ಕಾಟು ಬದಲಿ ಮಾಡ್ಯಾನ."

೩. ದೋಸ್ತನ ಭೇಟಿ

ಸೊಂಟಕ್ಕೆ ಜೀವ ಬಂತು, ಗಾಯಕ್ಕೂ ಬಂತು.

"ನೋವಿಗೆ ಏನರ ಕೊಡ್ಲೇನ್ರಿ?" ಅಂದರು ಸಿಸ್ಟರ್.

"ನೋವಂದ್ರ ಹೆಂಗಿರತೈತ್ರಿ ಸಿಸ್ಟರ್?" ಅಂದೆ, ಹಲ್ಲು ಕಚ್ಚಿ.

ದಿನಾ ಇಂಥವರನ್ನೇ ನೋಡಿದವರು, ಮುಂದಿನ ಕಾಟಿಗೆ ಹೋದರು. ಅಷ್ಟರಲ್ಲಿ ದೋಸ್ತ ಚುರಮುರಿ ಮುಕ್ಕುತ್ತ ಬಂದು ಕಾಲ ಬಳಿ ಕೂತ.

"ನಿನ್ನ ಕೆಡವಿದ ಕಲ್ಲಿಗೆ ಊರಾಗ ಹಾರ ಹಾಕೀವಲೇ. ಗುಲಾಲು ಹಾರಿಸಿ ಮೆರವಣಿಗಿನೂ ಆತು. ಈ ಸಲ ಗೆದ್ದದ್ದು ಕಲ್ಲು!"

ನಗು ಬಂತು. ಹೊಲಿಗೆ ಹಾಕಿದ ಹೊಟ್ಟೆಯಿಂದ ನಕ್ಕು ನೋಡ್ರಿ, ಆಗ ಗೊತ್ತಾದೀತು. ನಾನು ಒದರಿದ್ದಕ್ಕೆ ರಸ್ತೆಯಲ್ಲಿ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಾಡೂ ಕೇಳದಾಯಿತು.

"ಸಿಸ್ಟರ್! ಔಷಧ ಕೊಡ್ರೀ! ಇದ್ದದ್ದೆಲ್ಲಾ ಕೊಡ್ರೀ!"

ಹೆತ್ತ ಅವ್ವನೇ ಕಡಗ ತೆಗೆದು ದೋಸ್ತನ ಕೈಗೆ ತೊಡಿಸಿದಳು. ನಾನು ಬಾಯಿ ತೆರೆದು ಕಾಯುತ್ತಿದ್ದೆ.

"ಬಾಯಿ ಮುಚ್ರಿ" ಅಂದರು ಸಿಸ್ಟರ್. "ಇದು ನುಂಗೂದಲ್ಲ. ಆ ಕಡಿ ಹೊಳ್ಳಿ ಮಲಗ್ರಿ."

ದೋಸ್ತನಿಗೆ ಬೆಳ್ಳಿ ಕಡಗ ಸಿಕ್ಕಿತು. ನನಗೆ ನೋವಿನ ಗುಳಿಗೆ ಒಂದು ಕೊಟ್ಟರು, ಹಿಂಬಾಗಿಲಿನಿಂದ.