ಹತ್ತರಲ್ಲಿ ಎಂಟು, ಮತ್ತೆ ನನ್ನ ಕಾಶಿ

ಶಿವ ಒಂದೊಂದು ಮನೆಯಲ್ಲಿ ಒಂದೊಂದು ಥರ ಲೀಲೆ ಆಡುತ್ತಾನೆ. ನಮ್ಮ ಮನೆಯ ಲೀಲೆಗೆ ಮಾತ್ರ ನಮ್ಮವರನ್ನೇ ಕಾಯಂ ನೌಕರಿಗೆ ಇಟ್ಟುಕೊಂಡಂತಿದೆ, ವಾರಕ್ಕೊಂದು ತಪ್ಪುವುದಿಲ್ಲ.

ನಮ್ಮವರೆಂದರೆ ನನ್ನ ಗಂಡ. ಬೈಲಹೊಂಗಲದ ಒಂದು ಕಾಳುಕಡಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ನಾನು ಬಾಲವಾಡಿಯ ಟೀಚರು, ಎಲ್ಲರ ಬಾಯಲ್ಲಿ ಅಕ್ಕೋರು. ಇಬ್ಬರ ಪಗಾರವೂ ಹೇಳಿಕೊಳ್ಳುವಂಥದ್ದಲ್ಲ. ಆದರೂ ಲಗ್ನವಾದ ದಿನದಿಂದ ಇವತ್ತಿನತನಕ ಯಾರ ಮುಂದೆಯೂ ಕೈ ಒಡ್ಡಿಲ್ಲ. ಅದು ಮಹಾದೇವನ ಕೃಪೆ ಎಂದು ನಾನು ನಂಬಿದ್ದೇನೆ. ಅದು ತಮ್ಮ ಲೆಕ್ಕ ಎಂದು ನಮ್ಮವರು ನಂಬಿದ್ದಾರೆ. ಅವರ ಲೆಕ್ಕ ಬಹಳ ಸರಳ: ಇಬ್ಬರದೂ ಕೂಡಿ ಹತ್ತು ಬಂದರೆ ಎಂಟೇ ಖರ್ಚು. ಉಳಿದ ಎರಡು ಬ್ಯಾಂಕಿಗೆ. ಬ್ಯಾಂಕಿಗೆ ಹೋದ ದುಡ್ಡು ನಮ್ಮ ಮನೆಯಲ್ಲಿ ಕೈಲಾಸಕ್ಕೆ ಹೋದ ಹಾಗೆ. ಹೋದದ್ದು ಯಾವುದೂ ತಿರುಗಿ ಬಂದಿಲ್ಲ.

ನನಗಿದ್ದದ್ದು ಒಂದೇ ಆಸೆ. ಕಣ್ಣು ಮುಚ್ಚುವುದರೊಳಗೆ ಒಮ್ಮೆ ಕಾಶಿಗೆ ಹೋಗಿ ಆ ವಿಶ್ವನಾಥನ ಮುಂದೆ ನಿಲ್ಲಬೇಕು. ಲಗ್ನವಾದ ಹೊಸದರಲ್ಲೇ ಕೇಳಿದ್ದೆ.

“ಎಷ್ಟ ಬೀಳತೈತಿ?” ಅಂದರು. ಹೇಳಿದೆ. ಗಲ್ಲ ಕೆರೆದುಕೊಂಡು ಬಹಳ ಹೊತ್ತು ವಿಚಾರ ಮಾಡಿ, “ಬರೇ ಹೋಗೂದಕ್ಕಷ್ಟ ಆದರ?” ಎಂದು ಕೇಳಿದರು.

ನಾನು ಮಾರಿ ಸಣ್ಣ ಮಾಡಿದ್ದು ನೋಡಿ, “ವಿಶ್ವನಾಥ ಎಲ್ಲಿ ಓಡಿ ಹೋಗ್ತಾನ? ಅಲ್ಲೇ ಇರ್ತಾನ. ರೇಟ್ ಇಳಿದಾಗ ಹೋಗೂಣಂತ” ಎಂದು ಸಮಾಧಾನ ಮಾಡಿದರು. ಇಪ್ಪತ್ತೆರಡು ವರ್ಷವಾಯಿತು. ವಿಶ್ವನಾಥ ಅಲ್ಲೇ ಇದ್ದಾನೆ. ರೇಟ್ ಇಳಿದಿಲ್ಲ.

ಎರಡೂ ಹೋಳು ಕೊಡುವ ದೇವರು

ನಮ್ಮವರಿಗೆ ಭಕ್ತಿ ಇಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಮನೆಯಲ್ಲಿ ಕೊಬ್ಬರಿ ಚಟ್ನಿ ಮಾಡುವ ದಿನ ಅವರ ಭಕ್ತಿ ಬಹಳ ಏರುತ್ತದೆ. ಹೇಗೂ ಕಾಯಿ ಒಡೆಯಬೇಕು, ದೇವರ ಮುಂದೆ ಒಡೆದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ ಎಂಬುದು ಅವರ ಸಿದ್ಧಾಂತ.

ತೊಡಕು ಬಂದದ್ದು ಪೂಜಾರಿಗಳಿಂದ. ಒಂದು ಗುಡಿಯಲ್ಲಿ ಅರ್ಧ ಹೋಳು ಇಟ್ಟುಕೊಳ್ಳುತ್ತಿದ್ದರು. ಇನ್ನೊಂದರಲ್ಲಿ ದೊಡ್ಡ ಹೋಳು ಅವರಿಗೆ, ಸಣ್ಣದು ನಮಗೆ. ಮೂರು ತಿಂಗಳು ಊರಿನ ಗುಡಿಗಳನ್ನೆಲ್ಲ ತಿರುಗಿ, ಕೊನೆಗೆ ಕೆರೆಯ ಕಡೆಯ ಒಂದು ಸಣ್ಣ ಗುಡಿಯನ್ನು ಹಿಡಿದರು. ಅಲ್ಲಿಯ ಪೂಜಾರಿ ಬಹಳ ಸಾಧು ಮನುಷ್ಯ. ಎರಡೂ ಹೋಳು ತಿರುಗಿ ಕೊಡುತ್ತಿದ್ದರು. “ಇದು ಜಾಗೃತ ದೇವರು” ಎಂದು ನಮ್ಮವರು ಓಣಿಯವರಿಗೆಲ್ಲ ಹೇಳಿ ಬಂದರು.

ವಾರಕ್ಕೆ ಎರಡು ಸಲ ನಡೆಯಿತು. ಒಂದು ದಿನ ನಮ್ಮವರು ಕಾಯಿ ಒಡೆಸಿದವರು ಒಂದು ಹೋಳನ್ನು ಉಗುರಿನಿಂದ ಗೀರಿ ನೋಡಿ, “ಇದು ಸ್ವಲ್ಪ ಬಲತೈತಿ, ಚಟ್ನಿಗೆ ನಡೀತೈತೇನ್ರಿ?” ಎಂದು ಪೂಜಾರಿಯನ್ನೇ ಕೇಳಿಬಿಟ್ಟರು. ನಾನು ನಾಚಿಕೆಯಿಂದ ಕಣ್ಣು ಮುಚ್ಚಿ ಕೈ ಮುಗಿದೆ.

ಪೂಜಾರಿ ಒಂದು ಚೂರೂ ಸಿಟ್ಟಿಲ್ಲದೆ ಅಂದರು: “ಸಾಹುಕಾರ್ರ, ಇನ್ನಮ್ಯಾಲೆ ನೀವು ಮನ್ಯಾಗ ಒಡಕೊಂಡು ಬಿಡ್ರಿ. ದೇವರಿಗೆ ಬಂದು ಬರೇ ಸುದ್ದಿ ಹೇಳಿ ಹೋಗ್ರಿ.”

ಸಂಜೆ ಏಳಕ್ಕೆ ಬರುವ ಭವಿಷ್ಯ

ಪೇಪರನ್ನು ನಾವು ಮೂರು ಮನೆಯವರು ಕೂಡಿ ಹಾಕಿಸಿಕೊಳ್ಳುತ್ತೇವೆ. ನಮ್ಮದು ಎಲ್ಲಕ್ಕಿಂತ ಕಡಿಮೆ ಪಾಲು. ಹಾಗಾಗಿ ನಮ್ಮ ಮನೆಗೆ ಬರುವುದು ಸಂಜೆ ಏಳಕ್ಕೆ. ಸುದ್ದಿ ಹಳೆಯದಾದರೆ ತೊಂದರೆಯಿಲ್ಲ. ತೊಂದರೆಯೆಲ್ಲ ರಾಶಿಭವಿಷ್ಯದ್ದು.

ಒಂದು ಸಂಜೆ ಓದಿ ಎದ್ದು ಕೂತರು. “ನೋಡಿಲ್ಲಿ! ನನ್ನ ರಾಶಿಗೆ ಇವತ್ತ ಮನಿ ಬಾಗಲಕ್ಕ ಲಕ್ಷ್ಮಿ ಬರ್ತಾಳಂತ.”

“ದಿನಾನ ಮುಗೀತಲ್ರೀ” ಅಂದೆ.

“ಇನ್ನೂ ಐದು ತಾಸು ಐತಿ. ಬಾಗಲಾ ತಗದಿಡು.”

ತೆಗೆದಿಟ್ಟೆ. ಅರ್ಧ ತಾಸಿನೊಳಗೆ ಆ ಬಾಗಿಲಿನಿಂದ ನೆಟ್ಟಗೆ ಒಳಗೆ ಬಂದವರು ಗಣಪತಿ ಹಬ್ಬದ ಚಂದಾ ಪಟ್ಟಿ ಎತ್ತುವವರು. ಆರು ಮಂದಿ, ಕೈಯಲ್ಲಿ ರಶೀದಿ ಪುಸ್ತಕ.

ಮನೆಯಲ್ಲಿದ್ದ ಮೊಣಕಾಲು

ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ನಮ್ಮವರು ಸಂತೆಯನ್ನು ಬಿಟ್ಟೇಬಿಟ್ಟರು. ಎಲ್ಲದಕ್ಕೂ ನಾನೇ. ಬೆಣ್ಣೆಗೆ ದೊಡವಾಡ, ಬೆಲ್ಲಕ್ಕೆ ಕಿತ್ತೂರಿನ ಕಡೆ, ಉಳ್ಳಾಗಡ್ಡಿಗೆ ಸವದತ್ತಿ. ಒಮ್ಮೆ ಎರಡು ರೂಪಾಯಿ ಸೋವಿಯೆಂದು ಕೊತ್ತಂಬರಿಗೂ ಸವದತ್ತಿಗೆ ಕಳಿಸಿದರು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಬಸ್ಸಿನ ಕಿಟಕಿಯಿಂದ ಎಲ್ಲಮ್ಮನ ಗುಡ್ಡ ಕಾಣುತ್ತದೆ, ಕೂತಲ್ಲೇ ಒಂದು ನಮಸ್ಕಾರ ಆಗುತ್ತದೆ. ಕೊತ್ತಂಬರಿಯ ನೆವದಲ್ಲಿ ಪುಣ್ಯ.

ಆ ಮಳೆಗಾಲದಲ್ಲಿ ಅವರಿಗೆ ಮೊಣಕಾಲು ನೋವು ಬಂತು. ಒಳ್ಳೆಯ ಡಾಕ್ಟರು ಸವದತ್ತಿಯಲ್ಲಿ ಒಬ್ಬರಿದ್ದಾರೆ. ಇವರು ಹೋದರೆ ಹೋಗಿಬರುವ ಟಿಕೀಟು. ಒಂದು ರಾತ್ರಿ ವಿಚಾರ ಮಾಡಿ ಮುಂಜಾನೆ ಅಂದರು: “ನೀ ಹೋಗಿ ಹೇಳಿ ಬಾ. ಎಲ್ಲಿ ನೋಯತೈತಿ ಅಂತ ನಿನಗ ಗೊತ್ತೈತಲ್ಲ? ನಾ ಹೋದರೂ ಬ್ಯಾರೇ ಏನ ಹೇಳಾಂವ ಇದ್ದೆ?”

ಹೋದೆ. ಡಾಕ್ಟರು, “ಎಲ್ಲಿ ನೋವ್ರೀ?” ಅಂದರು. ನನ್ನ ಮೊಣಕಾಲು ಮುಟ್ಟಿ, “ಇಲ್ಲಿ, ಚಿಪ್ಪಿನ ಬಾಜೂಕ” ಎಂದು ತೋರಿಸಿದೆ. ಅವರು ಒತ್ತಿ ನೋಡಿದರು. ನಾನು ಹಾ ಎಂದು ಚೀರಿದೆ. ನೋವು ನನಗೂ ಇತ್ತು. ಯಾರೂ ಇದುವರೆಗೆ ಒತ್ತಿ ನೋಡಿರಲಿಲ್ಲ ಅಷ್ಟೇ. ಒಂದು ಇಂಜೆಕ್ಷನ್ನು, ಹದಿನೈದು ದಿನದ ಗುಳಿಗೆ, ಒಂದು ಪಟ್ಟಿ. ಆಮೇಲೆ, “ಸಾಹೇಬ್ರ, ನಾ ಬಂದದ್ದು ನಮ್ಮನಿಯವರ ಕಾಲಿಗೆ” ಅಂದೆ. ಅವರು ನನ್ನನ್ನು ಒಂದು ಸಲ ನೋಡಿ, “ಅವರ ಕಾಲೂ ಕಳಸ್ರಿ” ಅಂದರು.

ಮನೆಗೆ ಬಂದು ಚೀಟಿ ಕೊಟ್ಟೆ. ನಮ್ಮವರು ನೋಡಿ ಹೌಹಾರಿದರು. “ಅಲ್ಲಾ, ಅವರಿಗೆ ನಿನ್ನ ಮೊಣಕಾಲ ಯಾಕ ತೋರಿಸಿದಿ?”

“ನಿಮ್ಮದು ಮನ್ಯಾಗ ಇತ್ತಲ್ರೀ.”

ಖಣದ ಮಡಿಕೆ

ಈಗ ನನ್ನ ಕಾಶಿಯ ಮಾತು.

ಆರು ವರ್ಷದಿಂದ ನಾನು ಅವರ ಎಂಟರೊಳಗೇ ಒಂದಿಷ್ಟು ಉಳಿಸುತ್ತ ಬಂದಿದ್ದೆ. ಸಂತೆಯಲ್ಲಿ ಚೌಕಾಸಿ ಮಾಡಿ ಮಿಕ್ಕಿದ್ದು, ಶಾವಿಗೆ ಹೊಸೆದು ಮಾರಿದ್ದು, ಹಬ್ಬಕ್ಕೆ ತವರಿನವರು ಕೈಗಿಟ್ಟದ್ದು. ಎಲ್ಲಿ ಇಡುವುದು ಎಂಬುದೇ ಚಿಂತೆ. ಅಕ್ಕಿ, ಬೇಳೆಯ ಡಬ್ಬಿಗಳನ್ನು ನಮ್ಮವರು ವಾರಕ್ಕೊಮ್ಮೆ ಅಳೆಯುತ್ತಾರೆ. ದೇವರ ಜಗಲಿಯ ಕೆಳಗೆ ಊದಬತ್ತಿ ಎಣಿಸುತ್ತಾರೆ. ಅವರು ಮುಟ್ಟದ ವಸ್ತು ಮನೆಯಲ್ಲಿ ಒಂದೇ: ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ.

ನಮ್ಮ ಕಡೆ ಖಣ ಹೊಲಿಸಿಕೊಳ್ಳುವುದಕ್ಕೆ ಅಲ್ಲ. ಮನೆಗೆ ಬಂದ ಮುತ್ತೈದೆಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಒಂದು ಖಣ ಇಟ್ಟು ಕಳಿಸಬೇಕು. ಅವಳು ಅದನ್ನು ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬಳಿಗೆ ಕೊಡಬೇಕು. ಕೊಟ್ಟ ಮನೆಗೇ ತಿರುಗಿ ಹೋಗಬಾರದೆಂದು ಮಡಿಕೆಯೊಳಗಿನ ರಟ್ಟಿನ ಮೇಲೆ ಪೆನ್ಸಿಲ್ಲಿನಿಂದ ಯಾರು ಕೊಟ್ಟದ್ದೆಂದು ಬರೆದಿಡುತ್ತೇವೆ. ಹಾಗೆ ಬಂದ ಒಂದು ಗಿಳಿಹಸಿರು ಖಣದ ರಟ್ಟಿನ ಸಂದಿಯಲ್ಲಿ, ಐನೂರರ ಇಪ್ಪತ್ನಾಲ್ಕು ನೋಟು ಇಟ್ಟು ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದೆ.

ಅಷ್ಟರಲ್ಲಿ ನಮ್ಮ ಓಣಿಯ ಹಿರಿಯಕ್ಕ ಒಬ್ಬರು ಹೆಂಗಸರನ್ನೆಲ್ಲ ಕೂಡಿಸಿ ಕಾಶಿಗೆ ಹೊರಟರು. ಸೋಮವಾರ ಸಂಜೆಯೊಳಗೆ ತಲೆಗೆ ಹನ್ನೆರಡು ಸಾವಿರ ಕಟ್ಟಬೇಕು. ನನ್ನ ಹತ್ತಿರ ಇದ್ದದ್ದೂ ಅಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ವಿಶ್ವನಾಥನೇ ಕರೆದ ಎಂದು ಕಣ್ಣಲ್ಲಿ ನೀರು ಬಂತು.

ಶನಿವಾರ ಬಾಲವಾಡಿಯಿಂದ ಮನೆಗೆ ಬಂದರೆ ಪೆಟ್ಟಿಗೆ ಬಾಯಿ ತೆರೆದಿತ್ತು. ನಮ್ಮವರು ಕಿತ್ತೂರಿನಲ್ಲಿ ತಮ್ಮ ಸೋದರತ್ತೆಯ ಮಗಳ ಮನೆ ವಾಸ್ತುಶಾಂತಿಗೆ ಹೋಗಿ ಊಟ ಮುಗಿಸಿ ಬಂದಿದ್ದರು.

“ಯಾವ ಖಣ ಒಯ್ದ್ರಿ?”

“ಮ್ಯಾಲಿನವೆಲ್ಲಾ ಹಳೇವು. ತಳದಾಗಿಂದ ಗಿಳಿಹಸಿರುದು ಒಂದು ಚಲೋದು ತಗದು ಒಯ್ದೆ. ಕೊಟ್ಟರ ಚಲೋದ ಕೊಡಬೇಕು ಅಂತ ನೀನ ಹೇಳಾಕಿ ಅಲ್ಲ?”

ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ದಿನ ಉದಾರಿಗಳಾಗಿದ್ದರು. ನಾನು ಪೆಟ್ಟಿಗೆಯ ಮುಂದೆಯೇ ಕೂತು ಎಲ್ಲ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಅವರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು.

“ಹನ್ನೆರಡು ಸಾವಿರ? ಎಂಟರಾಗ ಉಳಿಸಿದ್ಯಾ? ನಾ ದಡ್ಡ, ಹತ್ತರಾಗ ಉಳಿಸಿ ದೊಡ್ಡಾಂವ ಅಂತ ತಿರಗತಿದ್ದೆ!”

ರವಿವಾರ ನಸುಕಿನಲ್ಲೇ ಇಬ್ಬರೂ ಬಸ್ಸು ಹತ್ತಿದೆವು. ಅವರ ಟಿಕೀಟನ್ನು ಅವರೇ, ತುಟಿ ಪಿಟಕ್ಕೆನ್ನದೆ ತೆಗೆಸಿದರು. ಅದನ್ನು ನೋಡಿ ನನಗೆ ಅರ್ಧ ಕಾಶಿ ಆದಂತಾಯಿತು.

ಕಿತ್ತೂರಿನಲ್ಲಿ ಅತ್ತೆಯ ಮಗಳು, “ಅಯ್ಯ, ಅದನ್ನ ನಿನ್ನೆ ಸಂಜೀಕ ನಮ್ಮ ನಾದಿನಿಗೆ ಕೊಟ್ಟು ಕಳಿಸಿದ್ನಲ್ಲ, ಸವದತ್ತಿಗೆ” ಅಂದಳು. ಬರಿಗೈಯಲ್ಲಿ ಕಳಿಸಬಾರದೆಂದು ನನಗೆ ಕುಂಕುಮ ಹಚ್ಚಿ ಒಂದು ಖಣ ಕೊಟ್ಟಳು. ನಮ್ಮವರು ಹೊಸ್ತಿಲಲ್ಲೇ ಅದರ ಮಡಿಕೆ ಬಿಚ್ಚಿ ನೋಡಿದರು.

ಸವದತ್ತಿಯ ನಾದಿನಿ, “ಇವತ್ತ ಮುಂಜಾನಿ ರಾಮದುರ್ಗದ ನಮ್ಮ ಬೀಗತಿ ಗುಡ್ಡಕ್ಕ ಬಂದಿದ್ರು. ಹೋಗೂ ಮುಂದ ಅವರ ಉಡಿಯಾಗ ಇಟ್ಟೆ” ಅಂದಳು. ಅವಳೂ ಒಂದು ಖಣ ಕೊಟ್ಟಳು. ಅದನ್ನೂ ಬಿಚ್ಚಿ ನೋಡಿದ್ದಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಗುಡ್ಡದ ಕಡೆ ತಿರುಗಿ, “ತಾಯಿ, ನಿನ್ನ ಬಾಗಲಕ್ಕ ಬಂದಾಕಿ ಉಡಿಯಾಗ ಐತಿ, ನೀನ ಕಾಯಿ” ಎಂದು ಕೈ ಮುಗಿದೆ.

ರಾಮದುರ್ಗದ ಬೀಗತಿ ಎಪ್ಪತ್ತರ ಹತ್ತಿರದ ಅಜ್ಜಿ. ಅವರ ಯಜಮಾನರು ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತು, ಹಳೆಯ ಚೀಲದ ಹುರಿಯನ್ನು ಬಿಚ್ಚಿ ಉಂಡೆ ಸುತ್ತುತ್ತಿದ್ದರು. ನಮ್ಮವರಿಗೆ ಅವರನ್ನು ನೋಡಿದ ಕೂಡಲೇ ಬಹಳ ಗೌರವ ಬಂತು. ಹೋಗಿ ಪಕ್ಕದಲ್ಲೇ ಕೂತರು. ನಾನು ಒಳಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ.

“ಬಂದ ಕೂಡಲೇ ಪೆಟಗ್ಯಾಗ ಹಾಕೇನವ್ವ, ಯಾವುದಂತ ನೋಡಿಲ್ಲ” ಎಂದು ಅಜ್ಜಿ ಒಂದು ದೊಡ್ಡ ಟ್ರಂಕನ್ನು ಎಳೆದು ಪಡಸಾಲೆಗೆ ತಂದರು. ನಲವತ್ತಕ್ಕೆ ಕಡಿಮೆಯಿಲ್ಲ ಖಣ. ನಮ್ಮವರು ತಡೆಯಲಾರದೆ ಎದ್ದು ಬಂದು ಒಂದೊಂದಾಗಿ ಕೊಡವತೊಡಗಿದರು. ಅಜ್ಜಿ, “ಅದಲ್ಲರಿ, ಅದು ಬಿಡ್ರಿ!” ಅನ್ನುವುದರೊಳಗೆ ಒಂದು ನೇರಳೆ ಬಣ್ಣದ ಖಣದಿಂದ ಕೆಂಪು ದಾರ ಕಟ್ಟಿದ ನೋಟಿನ ಗಂಟು ಧಪ್ಪೆಂದು ಬಿತ್ತು.

ಅಜ್ಜ ಹುರಿ ಸುತ್ತುವುದು ನಿಲ್ಲಿಸಿದರು. “ಇದು ಯಾರದು?”

“ಯಾರದಂದರ? ಇವರದ!” ಎಂದು ಅಜ್ಜಿ ಆ ಗಂಟನ್ನು ಎತ್ತಿ ನನ್ನ ಉಡಿಯಲ್ಲಿ ಹಾಕಿ, ನನ್ನ ಕೈಯನ್ನು ಬಲವಾಗಿ ಹಿಸುಕಿದರು.

ಅಷ್ಟರಲ್ಲಿ ಗಿಳಿಹಸಿರು ಖಣ ಸಿಕ್ಕಿತು. ಇಪ್ಪತ್ನಾಲ್ಕು ನೋಟೂ ಹಾಗೇ ಇದ್ದವು.

“ಮತ್ತ ಇದು?” ಅಂದರು ಅಜ್ಜ.

“ಅದೂ ಇವರದ. ಎರಡರಾಗ ಇಟ್ಟಿದ್ರಂತ, ಪಾಪ.”

ನಮ್ಮವರು ನನ್ನ ಕಡೆ ತಿರುಗಿದರು. “ಎರಡರಾಗ?”

ನಾನು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ. ಸುಮ್ಮನಿರುವವರನ್ನು ಶಿವ ಹಿಡಿಯುವುದಿಲ್ಲ. ಅಜ್ಜಿ ನನ್ನ ಫೋನ್ ನಂಬರು ಬರೆಸಿಕೊಂಡು, ಕುಂಕುಮ ಹಚ್ಚಿ, ಮತ್ತೊಂದು ಖಣ ಕೊಟ್ಟು ಕಳಿಸಿದರು. ಆ ಗಂಟು ಅಜ್ಜನಿಗೆ ಗೊತ್ತಿಲ್ಲದಂತೆ ಅಜ್ಜಿಯೇ ಕೂಡಿಸಿದ್ದೆಂದು ಬಸ್ಸಿನಲ್ಲಿ ತಿಳಿಸಿದಾಗ, ನಮ್ಮವರು ಸವದತ್ತಿ ಬರುವತನಕ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು: “ನಮ್ಮ ಪೆಟಗ್ಯಾಗ ಇನ್ನ ಎಷ್ಟ ಖಣ ಅದಾವು?”

ಸೋಮವಾರ ಮುಂಜಾನೆ ಅವರೇ ಹಿರಿಯಕ್ಕನ ಮನೆಗೆ ಹೋಗಿ ನನ್ನ ರೊಕ್ಕ ಕಟ್ಟಿ ಬಂದರು. ಚೌಕಾಸಿ ಮಾಡಿ ನೂರು ರೂಪಾಯಿ ಬಿಡಿಸಿಕೊಂಡೂ ಬಂದರು. ಮಧ್ಯಾಹ್ನ ಅಜ್ಜಿಯ ಫೋನು ಬಂತು, ಪಿಸುಮಾತಿನಲ್ಲಿ.

“ಅಕ್ಕೋರ, ಆ ಗಂಟಿನ್ಯಾಗ ಹದಿನಾಲ್ಕು ಸಾವಿರ ಐತಿ. ಕಾಶಿಗೆ ನನ್ನ ಹೆಸರೂ ಬರಸ್ರಿ. ಹನ್ನೊಂದು ವರ್ಷದಿಂದ ಕೂಡಿಸೇನಿ.”

“ಬರಸ್ತೇನ್ರಿ, ಅಜ್ಜಿ. ಆದರ ಅಜ್ಜಾರಿಗೆ ಏನಂತ ಹೇಳ್ತೀರಿ?”

“ಹೇಳೇ ಬಿಟ್ಟೇನಿ. ಖಣ ಜೋಪಾನ ಮಾಡಿದ್ದಕ್ಕ ಆ ಅಕ್ಕೋರು ತಮ್ಮ ಖರ್ಚಿನ್ಯಾಗ ನನ್ನ ಕಾಶಿಗೆ ಕರಕೊಂಡು ಹೊಂಟಾರ ಅಂತ.”

“ಅದಕ್ಕ ಏನಂದ್ರು?”

“ಎರಡೂ ಕೈ ಎತ್ತಿ ಮುಗದು, ‘ಎಂಥಾ ಪುಣ್ಯವಂತರು!’ ಅಂದ್ರು.” ಅಜ್ಜಿಯ ಪಿಸುಮಾತು ಇನ್ನೂ ಸಣ್ಣದಾಯಿತು. “ಆಮ್ಯಾಲೆ ಚೀಲಾ ತಗೊಂಡು ತಮ್ಮ ಧೋತ್ರಾನೂ ತುಂಬಾಕ ಹತ್ಯಾರ, ಅಕ್ಕೋರ. ‘ಕೊಡಾಕಿ ಕೊಡಾಕತ್ತಾಳ, ನಾನೂ ಬಂದ ಬಿಡತೇನಿ’ ಅಂತಾರ.”